ವಾರಕ್ಕೆ ಆರು ಗಂಟೆ: ಮುಂದಿನ ಗೇಮ್ ನಾನು ಆರಿಸುವುದು ಹೀಗೆ

ನನಗೆ ಗೇಮ್ ಆಡಲು ವಾರಕ್ಕೆ ಆರು ಗಂಟೆ ಸಿಗುತ್ತದೆ. ಮಂಗಳವಾರ, ಗುರುವಾರ ರಾತ್ರಿ ಮಗಳು ಮಲಗಿದ ಮೇಲೆ ಒಂದೂವರೆ ಗಂಟೆಯಂತೆ ಮೂರು ಗಂಟೆ, ಶನಿವಾರ ಮಧ್ಯಾಹ್ನ ಊಟ ಆದಮೇಲೆ ಇನ್ನೊಂದು ಮೂರು ಗಂಟೆ. ಅಷ್ಟೇ. ವರ್ಷಕ್ಕೆ ಲೆಕ್ಕ ಹಾಕಿದರೆ 312 ಗಂಟೆ. ಅದರಲ್ಲಿ ಹಬ್ಬ, ಜ್ವರ, ಊರಿಗೆ ಹೋಗಿದ್ದು, ಆಫೀಸಿನ ಕೆಲಸ ಮನೆಗೆ ಬಂದಿದ್ದು ಎಲ್ಲ ಕಳೆದು 250 ಉಳಿದರೆ ಪುಣ್ಯ.

ಈ ಲೆಕ್ಕ ನಾನು ಮೊದಲ ಸಲ ಹಾಕಿದ್ದು ದಿ ವಿಚರ್ 3 ಕೈಬಿಟ್ಟ ಮೇಲೆ. 2015ರಲ್ಲಿ ಬಂದ ಗೇಮ್ ಅದು. ನಾನು ತೆಗೆದುಕೊಂಡಿದ್ದು ತುಂಬಾ ವರ್ಷ ಆದಮೇಲೆ, ಒಂದು ಸೇಲ್‌ನಲ್ಲಿ, "ಇದನ್ನು ಆಡದಿದ್ದರೆ ಏನು ಆಡಿದ ಹಾಗಾಯಿತು" ಅಂತ ಎಲ್ಲರೂ ಹೇಳುತ್ತಿದ್ದರು ಎಂಬ ಒಂದೇ ಕಾರಣಕ್ಕೆ. ಕಥೆ ಗೊತ್ತಲ್ಲ, ನಾಯಕ ಗೆರಾಲ್ಟ್ ತನ್ನ ಸಾಕುಮಗಳು ಸಿರಿಯನ್ನು ಹುಡುಕಬೇಕು. ನಾನು ಏನು ಮಾಡಿದೆ? ವೆಲೆನ್ ಎಂಬ ಕೆಸರಿನ ಸೀಮೆಯಲ್ಲಿ ಸಿಕ್ಕ ಸಿಕ್ಕ ಹೋಟೆಲಿಗೆ ನುಗ್ಗಿ, ಅಲ್ಲಿನವರ ಜೊತೆ ಗ್ವೆಂಟ್ ಅನ್ನೋ ಇಸ್ಪೀಟ್ ಆಟ ಆಡುತ್ತಾ ಎರಡು ತಿಂಗಳು ಕಳೆದೆ. ಮಗಳು ಎಲ್ಲಿದ್ದಾಳೋ, ಅಪ್ಪ ಇಲ್ಲಿ ಇಸ್ಪೀಟ್ ಆಡುತ್ತಿದ್ದಾನೆ. ಆಮೇಲೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಗಿ ಏಳೆಂಟು ವಾರ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ವಾಪಸ್ ಬಂದಾಗ ಯಾವ ಬಟನ್ ಒತ್ತಿದರೆ ಪಕ್ಕಕ್ಕೆ ಹಾರುತ್ತಾನೆ, ಯಾವುದಕ್ಕೆ ಬೆಂಕಿ ಬರುತ್ತದೆ, ಒಂದೂ ನೆನಪಿಲ್ಲ. ಯಾರ ಹೆಂಡತಿಯನ್ನು ಹುಡುಕುತ್ತಿದ್ದೆ ಅನ್ನೋದೂ ನೆನಪಿಲ್ಲ. ಕೊಳದ ಪಕ್ಕದ ಸಣ್ಣ ಪ್ರಾಣಿಗಳೇ ಮೂರು ಸಲ ಕೊಂದುಹಾಕಿದವು. ಮುಚ್ಚಿಬಿಟ್ಟೆ.

ಆಗ, ಯಾವ ಗೇಮ್ ಮುಗಿಸಲು ಎಷ್ಟು ಗಂಟೆ ಬೇಕು ಅಂತ ಹೇಳುವ ವೆಬ್‌ಸೈಟ್ ಹೌ ಲಾಂಗ್ ಟು ಬೀಟ್‌ನಲ್ಲಿ ನೋಡಿದೆ. ಬರೀ ಮುಖ್ಯ ಕಥೆಗೇ ಸುಮಾರು 50 ಗಂಟೆ, ಅಕ್ಕಪಕ್ಕದ ಕೆಲಸವನ್ನೂ ಮಾಡುತ್ತಾ ಹೋದರೆ 100 ದಾಟುತ್ತದೆ. ನಾನಂತೂ ಅಕ್ಕಪಕ್ಕದ ಕೆಲಸದವನೇ. ವಾರಕ್ಕೆ ಆರು ಗಂಟೆಯ ಲೆಕ್ಕದಲ್ಲಿ ಅದು ನಾಲ್ಕು ತಿಂಗಳ ಸಂಸಾರ. ಗೇಮ್ ಕೆಟ್ಟದ್ದಲ್ಲ, ಅದ್ಭುತವಾಗಿದೆ. ನನ್ನ ಮಂಗಳವಾರಕ್ಕೆ ಅದು ಹೊಂದುವುದಿಲ್ಲ, ಅಷ್ಟೇ.

ಅಲ್ಲಿಯವರೆಗೆ ನಾನು ಕೇಳುತ್ತಿದ್ದ ಪ್ರಶ್ನೆ, "ನನ್ನ ಹತ್ತಿರ ಇರುವುದರಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆ?" ಇದಕ್ಕೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಇರುವುದೆಲ್ಲ ಚೆನ್ನಾಗಿಯೇ ಇದೆ, ಚೆನ್ನಾಗಿದೆ ಅಂತ ಗೊತ್ತಾಗಿಯೇ ತಾನೇ ದುಡ್ಡು ಕೊಟ್ಟಿದ್ದು. ಚಿಕ್ಕವರಿದ್ದಾಗ ಈ ತಲೆನೋವೇ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಬಾಡಿಗೆಗೆ ತಂದ ಟಿವಿ ಗೇಮ್, ಅದರ ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ನೋಡಿದರೆ ಕಾಂಟ್ರಾ, ಮಾರಿಯೋ, ಟ್ಯಾಂಕ್, ಮತ್ತೆ ಅವೇ ಬೇರೆ ಹೆಸರಲ್ಲಿ. ಕರೆಂಟ್ ಇದ್ದರೆ ಆಡಿದೆವು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಪ್ರಶ್ನೆ ಬದಲಾಯಿಸಿದೆ. ಮೂರು ವಾರ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆ: ಯಾವ ದಿನ ಎಷ್ಟು ಹೊತ್ತಿಗೆ ಕೂತೆ, ಎಷ್ಟು ಹೊತ್ತು ಆಡಿದೆ, ತಲೆ ಹೇಗಿತ್ತು. ಮೂರನೇ ವಾರಕ್ಕೆ ವಿಷಯ ಸ್ಪಷ್ಟವಾಯಿತು. ವಾರದ ರಾತ್ರಿಯ ನಾನು ಬೇರೆ, ಶನಿವಾರದ ನಾನು ಬೇರೆ. ರಾತ್ರಿ ಹತ್ತೂವರೆಗೆ ಕೂತವನಿಗೆ ಹೊಸದೇನನ್ನೂ ಕಲಿಯುವ ತಾಕತ್ತಿಲ್ಲ, ಬೆರಳು ಮಾತ್ರ ಎಚ್ಚರ ಇರುತ್ತದೆ. ಶನಿವಾರದವನಿಗೆ ಕಥೆ ಬೇಕು, ಒಗಟು ಬೇಕು. ಇಬ್ಬರಿಗೂ ಒಂದೇ ಗೇಮ್ ಆರಿಸಲು ಹೋಗಿ ನಾನು ಇಷ್ಟು ವರ್ಷ ಒದ್ದಾಡಿದ್ದು.

ಈಗ ಲ್ಯಾಪ್‌ಟಾಪ್‌ನಲ್ಲಿ ಎರಡೇ ಗೇಮ್ ಇರುತ್ತವೆ. ಒಂದು ರಾತ್ರಿಗೆ, ಒಂದು ಶನಿವಾರಕ್ಕೆ. ಮೊದಲು ಹದಿನಾಲ್ಕು ಇದ್ದವು, ಒಂದೇ ದಿನ ಹನ್ನೆರಡು ತೆಗೆದುಹಾಕಿದೆ. ಇದಕ್ಕೆ ಶಿಸ್ತು ಗಿಸ್ತು ಕಾರಣ ಅಂದುಕೊಳ್ಳಬೇಡಿ, 512 ಜಿಬಿಯ ಡಿಸ್ಕ್ ಕಾರಣ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಜಾಗ ಕೇಳುತ್ತದೆ. ಆದರೆ ಜಾಗ ಇಲ್ಲದ್ದೇ ಒಳ್ಳೆಯದಾಯಿತು. ಲೈಬ್ರರಿ, ಅಂದರೆ ನಾನು ತೆಗೆದುಕೊಂಡ ಗೇಮ್‌ಗಳ ಪಟ್ಟಿ, ತೆರೆದರೆ ನೂರ ಎಂಬತ್ತು ಹೆಸರು ಕಾಣುತ್ತವೆ, ಅದರಲ್ಲಿ ಅರ್ಧಕ್ಕರ್ಧ ಒಮ್ಮೆಯೂ ತೆರೆದಿಲ್ಲ. ಡೆಸ್ಕ್‌ಟಾಪ್ ಮೇಲೆ ಮಾತ್ರ ಎರಡೇ ಚಿತ್ರ. ರಾತ್ರಿ ಕೂತಾಗ ಲೈಬ್ರರಿ ತೆರೆಯುವುದೇ ಇಲ್ಲ.

ರಾತ್ರಿಯ ಗೇಮ್ ಆರಿಸುವಾಗ ನಾನು ಮೊದಲು ನೋಡುವುದು, ನಡುವೆ ನಿಲ್ಲಿಸಬಹುದಾ ಅಂತ. ಗ್ರಾಫಿಕ್ಸ್ ಆಮೇಲೆ. ಮಗಳು ಹನ್ನೊಂದು ಗಂಟೆಗೆ ಎದ್ದು ನೀರು ಕೇಳಿದರೆ ಆ ಕ್ಷಣವೇ ಎದ್ದು ಹೋಗಬೇಕು. ಎಲ್ಡೆನ್ ರಿಂಗ್‌ನಲ್ಲಿ ನಡುವೆ ನಿಲ್ಲಿಸುವ ಸರಿಯಾದ ಬಟನ್ನೇ ಇಲ್ಲ. ಮೆನು ತೆರೆದಿಟ್ಟರೂ ಹಿಂದಿನಿಂದ ಬಂದು ಹೊಡೆಯುತ್ತಾರೆ. ನೀರು ಕೊಟ್ಟು ಬರುವಷ್ಟರಲ್ಲಿ ಸತ್ತಿರುತ್ತೀರಿ. ಎರಡನೆಯದು, ಒಂದು ವಾರ ಮುಟ್ಟದೆ ಬಂದರೂ ನಡೆಯುತ್ತಾ? ಇದಕ್ಕೆ ಹೇಡೀಸ್‌ನಂಥ ಗೇಮ್ ಹೇಳಿ ಮಾಡಿಸಿದ್ದು. ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಡುತ್ತೀರಿ, ಅರ್ಧ ಗಂಟೆಯಲ್ಲಿ ಸಾಯುತ್ತೀರಿ ಅಥವಾ ದಾಟುತ್ತೀರಿ, ಮತ್ತೆ ಮನೆಯಿಂದಲೇ ಶುರು. ನಡುವೆ ಬಿಟ್ಟು ಎದ್ದರೆ ಅದೇ ಕೋಣೆಯ ಮೊದಲಿನಿಂದ ಮುಂದುವರಿಸಬಹುದು. ಇನ್‌ಟು ದ ಬ್ರೀಚ್ ಕೂಡ ಹಾಗೆ, ಎಂಟು ಬೈ ಎಂಟರ ಮಣೆ, ಚದುರಂಗದ ಹಾಗೆ ನಿಮ್ಮ ಸರದಿಗೆ ಕಾಯುತ್ತದೆ. ಹೋದ ವಾರ ಎಲ್ಲಿದ್ದೆ ಅಂತ ನೆನಪಿಸಿಕೊಳ್ಳಬೇಕಾಗಿಲ್ಲ. ಹಾಲೋ ನೈಟ್ ಈ ಎರಡನೇ ಪರೀಕ್ಷೆಯಲ್ಲಿ ಫೇಲ್. ನಡುವೆ ನಿಲ್ಲಿಸಬಹುದು, ಆದರೆ ಹತ್ತು ದಿನ ಬಿಟ್ಟು ಬಂದರೆ ಯಾವ ಸುರಂಗದ ಯಾವ ಮೂಲೆ ಬಾಕಿ ಇತ್ತು ಅನ್ನೋದು ಮರೆತಿರುತ್ತದೆ, ಅರ್ಧ ರಾತ್ರಿ ಸುಮ್ನೆ ಅಲೆಯುವುದರಲ್ಲೇ ಹೋಗುತ್ತದೆ.

ಅದೇ ವಿಷಯಕ್ಕೆ ತಮ್ಮನ ಜೊತೆ ಒಂದು ಸಣ್ಣ ಜಗಳವೂ ಆಯಿತು. ಹಾಲೋ ನೈಟ್‌ನ ಮುಂದಿನ ಗೇಮ್ ಸಿಲ್ಕ್‌ಸಾಂಗ್ ಬರುತ್ತದೆ ಅಂತ ಹೇಳಿದ್ದು 2019ರಲ್ಲಿ, ಕಡೆಗೂ ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಅವತ್ತು ರಾತ್ರಿಯೇ ಫೋನ್.

"ಅಣ್ಣಾ, ಸಿಲ್ಕ್‌ಸಾಂಗ್ ಬಂತು. ಹಾಕ್ಕೊಂಡ್ಯಾ?"

"ಇಲ್ಲ ಕಣೋ, ಮೊದಲನೆಯದೇ ಮುಗಿಸಿಲ್ಲ."

"ಎಲ್ಲರೂ ಆಡ್ತಿರುವಾಗ ಆಡದೆ, ಎರಡು ವರ್ಷ ಆದಮೇಲೆ ಒಬ್ಬನೇ ಆಡಿದರೆ ಏನು ಮಜಾ ಹೇಳು?"

ಅವನ ಮಾತು ಪೂರ್ತಿ ತಪ್ಪಲ್ಲ. ಹೊಸ ಗೇಮ್ ಬಂದ ವಾರ ಎಲ್ಲರೂ ಅದರದ್ದೇ ಮಾತಾಡುವುದರಲ್ಲಿ ಒಂದು ಜಾತ್ರೆಯ ಖುಷಿ ಇದೆ, ಅದು ಆಮೇಲೆ ಸಿಗುವುದಿಲ್ಲ. ಆದರೆ ಒಬ್ಬರೇ ಆಡುವ ಗೇಮ್ ಹಳಸುವುದಿಲ್ಲ. ಸೈಬರ್‌ಪಂಕ್ 2077 ನೋಡಿ. 2020ರ ಡಿಸೆಂಬರ್‌ನಲ್ಲಿ ಬಂದಾಗ ತೊಂದರೆ ಎಷ್ಟಿತ್ತೆಂದರೆ ಸೋನಿ ತನ್ನ ಪ್ಲೇಸ್ಟೇಷನ್ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ಕೆಲವು ತಿಂಗಳು ತೆಗೆದುಹಾಕಿತ್ತು. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಶುರು ಮಾಡಿದವರು ಕಡಿಮೆ ದುಡ್ಡಿಗೆ ಬೇರೆಯದೇ ಗೇಮ್ ಆಡಿದರು. ಜಾತ್ರೆ ತಪ್ಪಿಸಿಕೊಳ್ಳಲು ನಾನು ತಯಾರು. ತಮ್ಮನಿಗೆ ಇನ್ನೂ ಮದುವೆಯಾಗಿಲ್ಲ, ಅವನು ಜಾತ್ರೆಗೆ ಹೋಗಲಿ.

ಇನ್ನು ಸೇಲ್ ವಿಷಯ. ಆನ್‌ಲೈನಿನಲ್ಲಿ ಗೇಮ್ ಮಾರುವ ಅಂಗಡಿ ಸ್ಟೀಮ್‌ನ ಬೇಸಿಗೆ ಸೇಲ್ ಬಂದರೆ ಮೊದಲೆಲ್ಲ ಒಂದೇ ರಾತ್ರಿ ಆರೇಳು ಗೇಮ್ ತೆಗೆದುಕೊಳ್ಳುತ್ತಿದ್ದೆ. ಅಂಥದ್ದೇ ಇನ್ನೊಂದು ಅಂಗಡಿ ಎಪಿಕ್‌ನವರು ವಾರ ವಾರ ಪುಕ್ಕಟೆ ಕೊಡುವುದನ್ನೂ ಬಿಡುತ್ತಿರಲಿಲ್ಲ. ಈಗ ಈ ವಾರವೇ ಶುರು ಮಾಡುವುದಿದ್ದರೆ ಮಾತ್ರ ದುಡ್ಡು, ಇಲ್ಲದಿದ್ದರೆ ವಿಶ್‌ಲಿಸ್ಟ್‌ನಲ್ಲೇ ಇರಲಿ. ಸೇಲ್ ಮತ್ತೆ ಬಂದೇ ಬರುತ್ತದೆ, ಅದೇನು ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕ ಅಲ್ವಲ್ಲ.

ತೆಗೆದುಕೊಂಡ ಮೇಲೂ ಒಂದು ಪರೀಕ್ಷೆ ಇದೆ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಹಾಗಾಗಿ ನನ್ನ ಒಂದೂವರೆ ಗಂಟೆಯ ರಾತ್ರಿ ಸರಿಯಾದ ಅಳತೆ. ಒಂದು ರಾತ್ರಿ ಆಡುವುದು, ಮಾರನೇ ದಿನ ಬಸ್ಸಿನಲ್ಲಿ ಕೂತಾಗ ಅದು ತಲೆಗೆ ಬರುತ್ತದಾ ನೋಡುವುದು. ಬರದಿದ್ದರೆ ವಾಪಸ್. ಆದರೆ ಇದು ರಾತ್ರಿಯ ಗೇಮ್‌ಗೆ ಮಾತ್ರ ನ್ಯಾಯ. ರೆಡ್ ಡೆಡ್ ರಿಡೆಂಪ್ಷನ್ 2 ಶುರುವಾಗುವುದೇ ಹಿಮದಲ್ಲಿ, ಕುದುರೆಗಳು ಸೊಂಟದವರೆಗಿನ ಹಿಮದಲ್ಲಿ ತೆವಳುತ್ತವೆ, ಬೆಟ್ಟ ಇಳಿದು ಹಸಿರು ಕಾಣುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ಪರ್ಸೋನಾ 5 ರಾಯಲ್ ಕೂಡ ಆಟದ ಲಗಾಮು ನಮ್ಮ ಕೈಗೆ ಕೊಡಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ಇಂಥವನ್ನು ಒಂದೂವರೆ ಗಂಟೆಯಲ್ಲಿ ಅಳೆಯುವುದು, ಹಾಲು ಹೆಪ್ಪು ಹಾಕಿದ ಹತ್ತೇ ನಿಮಿಷಕ್ಕೆ ಮುಚ್ಚಳ ತೆಗೆದು ಮೊಸರಾಗಿಲ್ಲ ಅಂದ ಹಾಗೆ. ನಿಧಾನದ ಗೇಮ್‌ಗಳಿಗೆ ಮೂರು ಶನಿವಾರ ಕೊಡುತ್ತೇನೆ, ಅದಕ್ಕೇ ಅವನ್ನು ಆರಿಸುವುದು ಕಡಿಮೆ.

ಶನಿವಾರದ ಗೇಮ್ ಸರಿಯಾಗಿ ಕೂತಾಗ ಹೇಗಿರುತ್ತದೆ ಅಂತ ಗೊತ್ತಾಗಿದ್ದು ರಿಟರ್ನ್ ಆಫ್ ದ ಒಬ್ರಾ ಡಿನ್‌ನಲ್ಲಿ. ಲೂಕಸ್ ಪೋಪ್ ಅನ್ನೋ ಒಬ್ಬರೇ ಕೂತು ಮಾಡಿದ ಗೇಮ್, 2018ರದ್ದು. 1807ನೇ ಇಸವಿ, ಕಾಣೆಯಾಗಿದ್ದ ಒಂದು ಹಡಗು ಯಾರೂ ಇಲ್ಲದೆ ವಾಪಸ್ ಬಂದಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕದವರು. ಕೈಯಲ್ಲಿ ಒಂದು ಗಡಿಯಾರ, ಹೆಣದ ಹತ್ತಿರ ಹಿಡಿದರೆ ಆ ಮನುಷ್ಯ ಸತ್ತ ಕ್ಷಣಕ್ಕೆ ಕರೆದುಕೊಂಡು ಹೋಗುತ್ತದೆ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಏನಾದರು ಅಂತ ಬರೆಯಬೇಕು. ಒಂದೊಂದಾಗಿ ಸರಿ ತಪ್ಪು ಹೇಳುವುದಿಲ್ಲ, ಮೂವರದ್ದು ಸರಿಯಾದರೆ ಮಾತ್ರ ಅಚ್ಚು ಬೀಳುತ್ತದೆ, ಹಾಗಾಗಿ ಸುಮ್ನೆ ಊಹೆ ಹೊಡೆದು ದಾಟಲು ಆಗುವುದಿಲ್ಲ. ಚಿತ್ರವೋ, ಹಳೇ ಕಂಪ್ಯೂಟರಿನ ಹಾಗೆ ಎರಡೇ ಬಣ್ಣ. ನಮ್ಮ ಕಡೆಯ ನಾವಿಕರೂ ಇದ್ದಾರೆ ಆ ಹಡಗಿನಲ್ಲಿ.

ಇದನ್ನು ನಾನು ದಸರಾ ರಜೆಗೆ ಅಂತಲೇ ತೆಗೆದಿಟ್ಟಿದ್ದೆ, ಯಾಕೆಂದರೆ ನಡುವೆ ಎರಡು ವಾರ ಬಿಟ್ಟರೆ ಮುಖಗಳು ಮರೆತುಹೋಗುತ್ತವೆ, ಮತ್ತು ಒಮ್ಮೆ ಉತ್ತರ ಗೊತ್ತಾದ ಮೇಲೆ ಇನ್ನೊಮ್ಮೆ ಆಡಲು ಏನೂ ಉಳಿಯುವುದಿಲ್ಲ. ಹೆಂಡತಿಗೆ ಗೇಮ್ ಅಂದರೆ ಅಷ್ಟಕ್ಕಷ್ಟೆ. ಗೊಂಬೆ ಜೋಡಿಸುತ್ತಾ ಹಿಂದಿನಿಂದ ಒಮ್ಮೆ ನೋಡಿದವಳು, "ರೀ, ಆ ಟೋಪಿಯವನು ಹಿಂದಿನದರಲ್ಲೂ ಇದ್ದ, ವಾಪಸ್ ಹೋಗಿ" ಅಂದಳು. ಇದ್ದ! ಅಲ್ಲಿಂದ ಮುಂದೆ ಡೈರಿ ಅವಳ ಕೈಗೆ ಹೋಯಿತು. ಯಾರ ಪಕ್ಕ ಯಾರು ನಿಂತಿದ್ದಾರೆ, ಯಾರ ಬೂಟು ಹೇಗಿದೆ, ಎಲ್ಲ ಅವಳ ಲೆಕ್ಕ. ಮದುವೆ ಮನೆಯ ಫೋಟೋದಲ್ಲಿ ಯಾರ ಕಡೆಯವರು ಯಾರು ಅಂತ ಗುರುತು ಹಿಡಿಯುವವರಿಗೆ ಈ ಗೇಮ್ ನೀರು ಕುಡಿದ ಹಾಗೆ. ಐದು ದಿನ, ಹನ್ನೊಂದು ಗಂಟೆ, 60 ಜನ. ಕಡೆಯ ಇಬ್ಬರ ವಿಷಯದಲ್ಲಿ ನಾನು ತಪ್ಪು, ಅವಳು ಸರಿ.

ಆರಿಸುವುದು ತಪ್ಪುತ್ತದೆ, ಈಗಲೂ. ಔಟರ್ ವೈಲ್ಡ್ಸ್‌ನಲ್ಲಿ ನಾನು ಮೋಸ ಹೋಗಿದ್ದು ನನ್ನದೇ ನಿಯಮದಿಂದ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಅಂತ ಓದಿ, ಆಹಾ, 22 ನಿಮಿಷ, ರಾತ್ರಿಗೆ ಸರಿಯಾಯಿತು ಅಂದುಕೊಂಡೆ. ಆದರೆ ಅದರಲ್ಲಿ ಹೊಸ ಆಯುಧ, ಹೊಸ ಶಕ್ತಿ ಅಂತ ಏನೂ ಸಿಗುವುದಿಲ್ಲ. ನಿಮಗೆ ಗೊತ್ತಾದ ವಿಷಯವೇ ಮುಂದಿನ ಬಾಗಿಲಿನ ಕೀಲಿ. ಅಂಥದ್ದನ್ನು ತೂಕಡಿಸುತ್ತಾ ಆಡಿದರೆ? ಒಂದು ಗುರುವಾರ ಕಂಟ್ರೋಲರ್ ಹಿಡಿದೇ ನಿದ್ದೆ ಹೋದೆ. ಎಚ್ಚರವಾದಾಗ ಎಷ್ಟು ಸಲ ಸೂರ್ಯ ಸಿಡಿದಿತ್ತೋ, ಗಗನಯಾತ್ರಿ ಬೆಂಕಿಯ ಪಕ್ಕ ಮಲಗಿದ್ದ, ನಾನು ಸೋಫಾ ಮೇಲೆ.

ಹೋದ ಭಾನುವಾರ ಎ ಶಾರ್ಟ್ ಹೈಕ್ ಹಾಕಿದೆ, ಅದು ಮಗಳಿಗೆ. ಒಂದೂವರೆ ಎರಡು ಗಂಟೆಯ ಗೇಮ್, ಒಂದು ಹಕ್ಕಿ ಫೋನ್‌ಗೆ ಸಿಗ್ನಲ್ ಸಿಗಲಿ ಅಂತ ಬೆಟ್ಟದ ತುದಿ ಹತ್ತುವುದು. "ಅಪ್ಪಾ, ಇವಳಿಗೂ ತೀರ್ಥಹಳ್ಳಿ ಅಜ್ಜಿ ಮನೆ ಥರಾನೇ ಸಿಗ್ನಲ್ ಇಲ್ವಾ?" ಅಂತ ಕೇಳಿದಳು. ಅಜ್ಜಿ ಮನೆಯಲ್ಲೂ ಫೋನ್ ಬಂದರೆ ಗುಡ್ಡ ಹತ್ತಬೇಕು. ಎರಡು ಸಲ ಮುಗಿಸಿದಳು, ಡಿಸ್ಕ್‌ನಲ್ಲಿ ಅದು ಮೂರನೆಯದಾಗಿ ಇರಲಿ ಅಂತ ಹಠ ಮಾಡಿದಳು, ಇದೆ.

ಮಂಗಳವಾರಕ್ಕೆ ಹೇಡೀಸ್ ನಡೆಯುತ್ತಿದೆ. ಶನಿವಾರದ ಜಾಗ ಖಾಲಿಯಾಗಿತ್ತು, ಔಟರ್ ವೈಲ್ಡ್ಸ್ ಮತ್ತೆ ಡೌನ್‌ಲೋಡ್‌ಗೆ ಹಾಕಿದ್ದೇನೆ. ಈ ಸಲ ಮಧ್ಯಾಹ್ನ ಊಟಕ್ಕೆ ಮುದ್ದೆ ಬೇಡ ಅಂತ ಮನೆಯಲ್ಲಿ ಮೊದಲೇ ಹೇಳಿಟ್ಟಿದ್ದೇನೆ.