ಕೆರೆ ತುಂಬಿದೆ, ತೂಬು ಮುಚ್ಚಿದೆ: ನನ್ನ ಸಂಶೋಧನಾ ಸಮಸ್ಯೆ ರೂಪುಗೊಂಡ ಬಗೆ

ಪಿಎಚ್.ಡಿ.ಗೆ ಸೇರುವ ಹೊತ್ತಿಗೆ ನನ್ನ ಬಳಿ ಇದ್ದದ್ದು ಒಂದು ಜಿಲ್ಲೆ, ಒಂದು ಆಸಕ್ತಿ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಮತ್ತು ಅಲ್ಲಿನ ಕೆರೆಗಳು. ಅರ್ಜಿಗೊಂದು ಶೀರ್ಷಿಕೆ ಬೇಕಿತ್ತಾದ್ದರಿಂದ ‘ಕೋಲಾರ ಜಿಲ್ಲೆಯ ಕೆರೆಗಳು: ಒಂದು ಅಧ್ಯಯನ’ ಎಂದು ತುಂಬಿದ್ದೆ. ನಮ್ಮ ಪ್ರಬಂಧಗಳಿಗೆ ಆ ‘ಒಂದು ಅಧ್ಯಯನ’ ಎಂಬ ಬಾಲ ಇಲ್ಲದಿದ್ದರೆ ನಡೆಯುವುದಿಲ್ಲವಲ್ಲ. ಮಾರ್ಗದರ್ಶಕರು ಅದನ್ನು ಓದಿ, “ಇದು ಗೆಜೆಟಿಯರಿನ ಅಧ್ಯಾಯವಾದೀತು. ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನು, ಅದನ್ನು ಬರೆದುಕೊಂಡು ಬನ್ನಿ” ಎಂದರು.

ಮೊದಲು ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹುಡುಕಿದೆ. ಕೆರೆಗಳ ಬಗ್ಗೆ ಪ್ರಬಂಧಗಳಿಗೆ ಬರವಿಲ್ಲ. ಶಾಸನಗಳ ಕಡೆಯಿಂದ ಬಂದವರು ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕೊಡುತ್ತಿದ್ದ ದಶವಂದ, ಕಟ್ಟುಕೊಡಗೆ ಎಂಬ ಜಮೀನಿನ ಕೊಡುಗೆಗಳ ಬಗ್ಗೆ ಬರೆದಿದ್ದಾರೆ. ಎಂಜಿನಿಯರುಗಳು ಹೂಳನ್ನು ಅಳೆದಿದ್ದಾರೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಯೋಜನೆಯ ಕೆರೆ ಬಳಕೆದಾರರ ಸಂಘಗಳ ಮೇಲೂ ಸಾಕಷ್ಟು ಕೆಲಸ ನಡೆದಿದೆ. ಕೊನೆಯ ಅಧ್ಯಾಯದಲ್ಲಿ ಬರುವ ‘ಮುಂದಿನ ಅಧ್ಯಯನಕ್ಕೆ ಸಲಹೆಗಳು’ ನೋಡಿ ಸಮಸ್ಯೆ ಆರಿಸಿಕೊಳ್ಳಿ ಎಂದು ಹಲವರು ಹೇಳುತ್ತಾರೆ. ಆ ಸಲಹೆಗಳ ಮೇಲೆ ನನಗೆ ನಂಬಿಕೆ ಕಡಿಮೆ. ಬಹುಪಾಲು ಅವು ಬರೆದವರಿಗೇ ಬೇಡವಾಗಿದ್ದ ಕೆಲಸಗಳು.

ಓದಿನಿಂದ ಇಷ್ಟು ತಿಳಿಯಿತು: ಏನೇನು ಆಗಿಹೋಗಿದೆ ಎಂಬುದು. ಆಗಬೇಕಾದದ್ದು ಸಿಕ್ಕಿದ್ದು ಕೆರೆಯ ಏರಿಯ ಮೇಲೆ.

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೆರೆಯಿಂದ ಕೆರೆಗೆ ಹರಿಸಿ, 126 ಕೆರೆಗಳನ್ನು ತುಂಬಿಸುವ ಯೋಜನೆ. ಆದರೆ ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಗದ್ದೆಗೆ ನೇರವಾಗಿ ಹಾಯಿಸುವಂತಿಲ್ಲ. ಹಾಗೆ ತುಂಬಿದ ಕೆರೆಯೊಂದರಲ್ಲಿ, ಗದ್ದೆಗೆ ನೀರು ಬಿಡುವ ತೂಬನ್ನು ನೋಡುತ್ತ ನಿಂತಿದ್ದೆ. ಎರಡು ಕಲ್ಲುಕಂಬ, ನಡುವೆ ಅಡ್ಡ ಚಪ್ಪಡಿ, ಚಪ್ಪಡಿಯ ತೂತಿನಲ್ಲಿ ಕೋಲು ಇಳಿಬಿಟ್ಟು ಅದರ ತುದಿಯ ಬಿರಡೆಯಿಂದ ತೂಬಿನ ಬಾಯಿ ಮುಚ್ಚುವ ಹಳೆಯ ವ್ಯವಸ್ಥೆ. ತೂಬಿನ ಉಸ್ತುವಾರಿ ಹೊತ್ತ ಊರಿನ ನೀರುಗಂಟಿ ಜೊತೆಗಿದ್ದರು. “ಈಗ ನಿಮಗೆ ಕೆಲಸ ಹೆಚ್ಚಾಗಿರಬೇಕಲ್ಲ ತಾತ?” ಎಂದು ಕೇಳಿದೆ. “ಎಲ್ಲಿಯ ಕೆಲಸ ತಾಯಿ! ಮೊದಲು ನೀರಿಲ್ಲವೆಂದು ತೂಬು ಎತ್ತುತ್ತಿರಲಿಲ್ಲ. ಈಗ ನೀರಿದೆ, ಎತ್ತುವ ಹಾಗಿಲ್ಲ. ಬೋರ್‌ವೆಲ್‌ನವರಿಗೆ ನೀರು ಏರಿತು. ಅವರು ನನಗೇಕೆ ಆಯ ಕೊಡುತ್ತಾರೆ?”

ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಹಾಯುವ ಜಮೀನಿನ, ರೈತರಿಗೂ ನೀರುಗಂಟಿಗೂ ಇದ್ದ ಸಂಬಂಧ ತೂಬಿನ ಮೂಲಕವೇ ಸಾಗುತ್ತಿತ್ತು. ನೀರುಗಂಟಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದರು, ಸುಗ್ಗಿಯ ಕಣದಲ್ಲಿ ಆಯ, ಅಂದರೆ ಧಾನ್ಯದ ಪಾಲು, ಪಡೆಯುತ್ತಿದ್ದರು. ನೀರು ನೆಲದೊಳಗೆ ಇಳಿದು ಹೋದಾಗ ಅದು ಯಾರ ಕೊಳವೆಬಾವಿಗೆ ಸೇರಿತೆಂದು ಹೇಳುವವರಿಲ್ಲ. ಆ ಬಾವಿ ಅಚ್ಚುಕಟ್ಟಿನ ಹೊರಗೂ ಇರಬಹುದು. ಕೆರೆ ತುಂಬಿದರೆ ಕೆರೆಯ ವ್ಯವಸ್ಥೆಯೂ ಮರಳುತ್ತದೆ ಎಂದು ನಾನು ಓದಿದ ಬರಹಗಳೆಲ್ಲ ಹೇಳದೆಯೇ ನಂಬಿಕೊಂಡಿದ್ದವು. ಇಲ್ಲಿ ಅದು ಕೂಡಿ ಬರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅದೇ.

ಸಿಕ್ಕ ಸಮಸ್ಯೆಗೆ ಎಲ್ಲೆ ಹಾಕುವುದೇ ಹೆಚ್ಚು ಹೊತ್ತು ತೆಗೆದುಕೊಂಡಿತು. ನೀರುಗಂಟಿ ಎಂದು ಯಾರನ್ನು ಎಣಿಸುವುದು? 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯ ಹುದ್ದೆ ಹೋಯಿತು, ಹುದ್ದೆಗೆಂದು ಕೊಟ್ಟಿದ್ದ ಇನಾಂ ಜಮೀನು ಮರುಮಂಜೂರಾತಿಗೆ ಬಂತು, ಆದರೆ ಎಷ್ಟೋ ಊರುಗಳಲ್ಲಿ ಅದೇ ಮನೆಯವರು ಕೆಲಸ ಮುಂದುವರಿಸಿದರು. ಕೆಲವು ಕಡೆ ಬಳಕೆದಾರರ ಸಂಘವೇ ಬೇರೆಯವರನ್ನು ನೇಮಿಸಿಕೊಂಡಿದೆ. ದಾಖಲೆ ನೋಡಿದರೆ ಒಂದು ಪಟ್ಟಿ, ಊರವರನ್ನು ಕೇಳಿದರೆ ಇನ್ನೊಂದು. ಊರವರು ಯಾರನ್ನು ಹಾಗೆ ಕರೆಯುತ್ತಾರೋ ಅವರನ್ನು ಎಣಿಸುವುದು, ಜಮೀನಿನ ದಾಖಲೆಯನ್ನು ಬೇರೆಯಾಗಿ ಹೋಲಿಸುವುದು ಎಂದು ತೀರ್ಮಾನಿಸಿದೆ.

ಬಿಡುವುದನ್ನೂ ಬರೆದಿಟ್ಟೆ. ನೀರಿನ ಗುಣಮಟ್ಟ ನನ್ನ ವ್ಯಾಪ್ತಿಯಲ್ಲಿಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ಜೋರಾಗಿದೆ, ಕಂಡವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ಅದು ರಸಾಯನಶಾಸ್ತ್ರದವರು ಪ್ರಯೋಗಾಲಯದಲ್ಲಿ ಮಾಡಬೇಕಾದ ಕೆಲಸ. ಸಂದರ್ಶನದಿಂದ ಉತ್ತರ ಸಿಗುವ ಪ್ರಶ್ನೆಯಲ್ಲ.

ಸಿನಾಪ್ಸಿಸ್‌ನಲ್ಲಿ ‘ಯೋಜನೆಯ ಪರಿಣಾಮ’ ಎಂದಿತ್ತು. ಡಾಕ್ಟರಲ್ ಸಮಿತಿಯಲ್ಲಿ ಒಬ್ಬರು, “2018ಕ್ಕೆ ಮೊದಲು ಆಯ ಎಷ್ಟು ಸಂದಾಯವಾಗುತ್ತಿತ್ತು ಎಂಬ ಲೆಕ್ಕ ಇದೆಯೇ?” ಎಂದು ಕೇಳಿದರು. ಅಂಥ ಲೆಕ್ಕ ಯಾರೂ ಇಟ್ಟಿಲ್ಲ. ಮೊದಲಿನ ಲೆಕ್ಕವಿಲ್ಲದೆ ಪರಿಣಾಮವನ್ನು ಅಳೆಯುವುದು ಹೇಗೆ? ಹೋಲಿಕೆಗೆ ಬೇರೆ ದಾರಿ ಹುಡುಕಬೇಕಾಯಿತು. 2021ರ ನವೆಂಬರ್ ಮಳೆಗೆ, ಯೋಜನೆಗೆ ಸೇರದ ಕೆರೆಗಳೂ ಕೋಡಿ ಬಿದ್ದಿದ್ದವು. ಅಲ್ಲಿಯದು ಮಳೆನೀರು, ತೂಬು ಎತ್ತಲು ಅಡ್ಡಿಯಿಲ್ಲ. ಒಂದೇ ತಾಲ್ಲೂಕಿನಲ್ಲಿ ಎರಡೂ ಬಗೆಯ ಕೆರೆಗಳನ್ನು ಜೊತೆಜೊತೆಗೆ ಆರಿಸಿಕೊಂಡರೆ, ನೀರು ಇರುವುದಕ್ಕೂ ತೂಬು ತೆರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಬೇರ್ಪಡಿಸಿ ನೋಡಬಹುದು.

ಸಮಿತಿ ಒಪ್ಪಿದ ಪ್ರಶ್ನೆ ಕೊನೆಗೆ ಹೀಗಾಯಿತು: ನೀರಿದ್ದೂ ತೂಬು ತೆರೆಯದ ಕೆರೆಗಳಲ್ಲಿ ನೀರುಗಂಟಿಗಳು ಈಗ ಯಾವ ಕೆಲಸ ಮಾಡುತ್ತಿದ್ದಾರೆ, ಅದಕ್ಕೆ ಪ್ರತಿಫಲವನ್ನು ಯಾರು ಕೊಡುತ್ತಿದ್ದಾರೆ, ತೂಬು ತೆರೆಯುವ ಕೆರೆಗಳಿಗೆ ಹೋಲಿಸಿದರೆ ಇದು ಎಲ್ಲಿ ಬೇರೆಯಾಗುತ್ತದೆ? ಏನೂ ಬೇರೆಯಾಗಿಲ್ಲ ಎಂಬ ಉತ್ತರಕ್ಕೂ ಇದರಲ್ಲಿ ಜಾಗವಿದೆ. ಮಳೆನೀರಿನ ಕೆರೆಗಳಲ್ಲಿಯೂ ಆಯ ಕೊಡುವುದು ಎಂದೋ ನಿಂತುಹೋಗಿದ್ದರೆ ಕೆ.ಸಿ. ವ್ಯಾಲಿಯನ್ನು ದೂರುವುದಕ್ಕೆ ಆಧಾರವಿರುವುದಿಲ್ಲ.