ಕೈತಪ್ಪಿದ 48,000 ರೂಪಾಯಿ, ಕೈಹಿಡಿದ ಗಣಿತದ ಮೇಡಂ

ನಾನು ಒಂಬತ್ತನೇ ತರಗತಿಗೆ ಬಂದ ವರ್ಷವೇ ಗಣಿತದ ಮೇಡಂ ನಮ್ಮ ಶಾಲೆಗೆ ವರ್ಗವಾಗಿ ಬಂದರು. ಮೊದಲ ದಿನ ಅವರು ಪಾಠ ಮಾಡಲಿಲ್ಲ. "ಹೋದ ವರ್ಷ ಎನ್‌ಎಂಎಂಎಸ್‌ ಪರೀಕ್ಷೆ ಬರೆದವರು ಎದ್ದು ನಿಲ್ಲಿ" ಎಂದರು. ಯಾರೂ ಏಳಲಿಲ್ಲ. ಅವರು ಹಲಗೆಯ ಮೇಲೆ 12,000 × 4 = 48,000 ಎಂದು ಬರೆದು, ಸೀಮೆಸುಣ್ಣ ಕೆಳಗಿಟ್ಟು, "ಇಷ್ಟು ದುಡ್ಡನ್ನು ನೀವು ಯಾರೂ ಕೇಳಲೇ ಇಲ್ಲ" ಎಂದರು. ಬೈಗುಳದ ದನಿಯಲ್ಲ, ಸಂಕಟದ ದನಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿ ಓದುವ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ಈ ಪರೀಕ್ಷೆ ಇದೆ. ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಪಾಠಗಳಿಗೆ ಸಂಬಂಧಿಸಿ 90 ಪ್ರಶ್ನೆ. ಕುಟುಂಬದ ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾನು ಎಂಟನೇ ತರಗತಿಯಲ್ಲಿದ್ದದ್ದು 2020-21ರಲ್ಲಿ. ಕೋವಿಡ್‌ನಿಂದ ಶಾಲೆಗೆ ಬೀಗ, ಶಿಕ್ಷಕರೇ ಊರಿಗೆ ಬಂದು ಮಾಡುವ ವಿದ್ಯಾಗಮದ ಪಾಠ ದೇವಸ್ಥಾನದ ಜಗಲಿಯ ಮೇಲೆ, ಮನೆಗೆ ಇದ್ದದ್ದು ಒಂದೇ ಮೊಬೈಲ್‌, ಅದೂ ಅಪ್ಪನ ಜೇಬಿನಲ್ಲಿ. ಅರ್ಜಿಯ ಕೊನೆಯ ದಿನ ಯಾವಾಗ ಬಂದು ಯಾವಾಗ ಹೋಯಿತೋ ನಮಗೆ ಗೊತ್ತೇ ಆಗಲಿಲ್ಲ. ಎಂಟನೇ ತರಗತಿ ದಾಟಿದ ಮೇಲೆ ಆ ಪರೀಕ್ಷೆಗೆ ಮತ್ತೊಂದು ಅವಕಾಶವಿಲ್ಲ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನದು. ಅಪ್ಪನಿಗೆ ಒಂದು ಎಕರೆ ಹತ್ತು ಗುಂಟೆ ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ಸಾಕಿ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದರೆ ಮನೆ ನಡೆಯುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿದರೆ ನನ್ನ ಓದು ಮುಗಿದಂತೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಮೇಡಂ ನನ್ನನ್ನು ಒಂದು ದಿನ ಕರೆದು ವಿದ್ಯಾಧನ್‌ ವಿದ್ಯಾರ್ಥಿವೇತನದ ಬಗ್ಗೆ ಹೇಳಿದರು. ಇನ್ಫೋಸಿಸ್‌ ಸಹಸಂಸ್ಥಾಪಕರಲ್ಲಿ ಒಬ್ಬರಾದ ಎಸ್‌.ಡಿ. ಶಿಬುಲಾಲ್‌ ಮತ್ತು ಅವರ ಪತ್ನಿ ಕುಮಾರಿ ಶಿಬುಲಾಲ್‌ ಅವರ ಸರೋಜಿನಿ ದಾಮೋದರನ್‌ ಫೌಂಡೇಶನ್‌ ಇದನ್ನು ಕೊಡುತ್ತದೆ. ಕುಟುಂಬದ ಆದಾಯ ಎರಡು ಲಕ್ಷದೊಳಗಿರಬೇಕು, ಎಸ್‌ಎಸ್‌ಎಲ್‌ಸಿಯಲ್ಲಿ ಶೇ 90 ಬರಬೇಕು, ಆಮೇಲೆ ಒಂದು ಪರೀಕ್ಷೆ, ಒಂದು ಸಂದರ್ಶನ. ಪಿಯುಸಿಯ ಎರಡು ವರ್ಷ ಸಹಾಯ, ಚೆನ್ನಾಗಿ ಓದಿದರೆ ಪದವಿಗೂ ಮುಂದುವರಿಯುತ್ತದೆ. "625ಕ್ಕೆ ಶೇ 90 ಎಂದರೆ ಎಷ್ಟು?" ಎಂದು ಕೇಳಿದರು. 562.5. "ಅರ್ಧ ಅಂಕ ಯಾರೂ ಕೊಡುವುದಿಲ್ಲ, 563 ಎಂದು ಬರೆದುಕೋ." ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ.

ಅಂಕಕ್ಕಿಂತ ಮೊದಲು ಅವರು ಕೈಹಾಕಿದ್ದು ಕಾಗದಗಳಿಗೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು: ಆಧಾರ್‌, ಜಾತಿ ಪ್ರಮಾಣ ಪತ್ರ, ರೇಷನ್‌ ಕಾರ್ಡ್‌, ಬ್ಯಾಂಕ್‌ ಪಾಸ್‌ಬುಕ್‌, ಪಕ್ಕದಲ್ಲಿ ಶಾಲೆಯ ದಾಖಲಾತಿ ವಹಿ. ನನ್ನ ಕೈಗೆ ಕೆಂಪು ಪೆನ್ನು ಕೊಟ್ಟು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದು ಎಂದರು. ಅಪ್ಪನ ಹೆಸರು ಮೂರು ಕಡೆ ಮೂರು ಬಗೆ. ನನ್ನ ಇನಿಷಿಯಲ್‌ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಒಮ್ಮೆ ಅಚ್ಚಾದರೆ ತಿದ್ದಿಸುವುದು ಬಹಳ ಕಷ್ಟ. ಆದ್ದರಿಂದ ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲೇ ಶಾಲೆಯ ದಾಖಲೆಯನ್ನು ನೋಡಿಕೊಂಡು, ಮಿಕ್ಕವನ್ನೆಲ್ಲ ಅದಕ್ಕೆ ಹೊಂದಿಸಬೇಕು. ಇದು ಅವರ ಕ್ರಮ. ಅದನ್ನೇ ಹಿಡಿದು ಆಧಾರ್‌ ತಿದ್ದಿಸಿದೆವು, ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರ ಮಾಡಿಸಿದೆವು.

ಬ್ಯಾಂಕಿನದು ಬೇರೆಯೇ ಗೋಳು. ಖಾತೆಗೆ ಆಧಾರ್‌ ಜೋಡಿಸಿದ್ದೇವೆ ಎಂದು ಹೇಳಿ ಕಳುಹಿಸಿದ್ದರು. ಆದರೆ ಸರ್ಕಾರದ ಹಣ ನೇರವಾಗಿ ಬರಬೇಕಾದರೆ ಎನ್‌ಪಿಸಿಐ ಮ್ಯಾಪಿಂಗ್‌ ಆಗಿರಬೇಕು, ಅಂದರೆ ಆಧಾರ್‌ ಸಂಖ್ಯೆಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬುದು ಪಾವತಿ ನಿಗಮದ ದಾಖಲೆಯಲ್ಲಿ ಇರಬೇಕು. ಶಾಖೆಯಲ್ಲಿ ಆಧಾರ್‌ ಪ್ರತಿ ಕೊಟ್ಟರಷ್ಟೇ ಸಾಲದು, ಅದಕ್ಕೆ ಬೇರೆ ಒಪ್ಪಿಗೆ ನಮೂನೆ ಇದೆ. ಅದಕ್ಕಾಗಿ ಅಪ್ಪ ಮೂರು ಸಲ ಕೆಲಸ ಬಿಟ್ಟು ಹೋಗಿ ಬಂದರು. ರೈತರ ಮಕ್ಕಳ ಓದಿಗೆ ರಾಜ್ಯ ಸರ್ಕಾರ ಕೊಡುತ್ತಿದ್ದ ರೈತ ವಿದ್ಯಾನಿಧಿಯ ಹಣ ಬಂದ ದಿನವೇ ಆ ಓಡಾಟದ ಬೆಲೆ ನಮಗೆ ತಿಳಿದದ್ದು. ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ: ನನ್ನ ಜೊತೆ ಓದಿದ, ನನಗಿಂತ ಜಾಣರಾದ ಇಬ್ಬರಿಗೆ ವಿದ್ಯಾರ್ಥಿವೇತನ ತಪ್ಪಿದ್ದು ಅಂಕದಿಂದಲ್ಲ, ಒಂದು ಅಕ್ಷರದಿಂದ.

ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರ ಮೇ 8ರಂದು ಬಂತು. ವಿಧಾನಸಭಾ ಚುನಾವಣೆಗೆ ಎರಡೇ ದಿನ. ಮೇಡಂ ಚುನಾವಣಾ ಕರ್ತವ್ಯದ ಗಡಿಬಿಡಿಯಲ್ಲಿದ್ದರೂ ಫೋನ್‌ ಮಾಡಿದರು. 594 ಎಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ವಿದ್ಯಾಧನ್‌ ಅರ್ಜಿಯನ್ನು ನೀನೇ ತುಂಬಬೇಕು, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ" ಎಂದರು. ಹಾಗೆಯೇ ಮಾಡಿದರು. ಸೈಬರ್‌ ಅಂಗಡಿಯವನು ಕೀಬೋರ್ಡಿಗೆ ಕೈಹಾಕಿದಾಗ ತಡೆದು, ಅರ್ಜಿ ಹುಡುಗಿಯದು, ಅವಳೇ ಒತ್ತಲಿ ಎಂದರು.

ಪರೀಕ್ಷೆಗೆ ಹೆಚ್ಚು ಹೆದರಲಿಲ್ಲ. ಹೆದರಿದ್ದು ಸಂದರ್ಶನಕ್ಕೆ. ಅಭ್ಯಾಸಕ್ಕೆಂದು ಮೇಡಂ ಮೇಜಿನ ಆಚೆ ಕುಳಿತು, "ನಿಮ್ಮ ಮನೆಯ ಬಗ್ಗೆ ಹೇಳು" ಎಂದರು. "ನಮಗೆ ತುಂಬಾ ಕಷ್ಟವಿದೆ" ಎಂದು ಶುರು ಮಾಡಿದೆ. ಅಲ್ಲಿಗೇ ನಿಲ್ಲಿಸಿದರು. "ಆ ಪದ ಬಿಟ್ಟು ಹೇಳು." ನನಗೆ ಬಾಯಿ ಕಟ್ಟಿತು. ಆ ಪದ ತೆಗೆದರೆ ಹೇಳಲು ಏನೂ ಇಲ್ಲ ಎನ್ನಿಸಿತು.

"ಒಂದು ಬೆಳೆಗೆ ಎಷ್ಟು ಮೊಟ್ಟೆ?" ಎಂದು ಕೇಳಿದರು. ನೂರು ಮೊಟ್ಟೆ ಎಂದೆ. ನಮ್ಮ ಕಡೆ ನೂರು ಮೊಟ್ಟೆ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ. ಒಂದೊಂದು ಚಿಟ್ಟೆಯ ಮೊಟ್ಟೆಗಳಿಂದ ನಾನೂರಕ್ಕೂ ಹೆಚ್ಚು ಹುಳು. "ಹಾಗಾದರೆ ನಿನ್ನ ಮನೆಯಲ್ಲಿ ಎಷ್ಟು ಹುಳು?" ನಲವತ್ತು ಸಾವಿರಕ್ಕೂ ಮೇಲೆ! ಅಷ್ಟು ವರ್ಷ ಆ ಹುಳುಗಳ ನಡುವೆಯೇ ಮಲಗಿ ಎದ್ದರೂ ಆ ಲೆಕ್ಕವನ್ನು ನಾನು ಮಾಡಿರಲಿಲ್ಲ. ಆಮೇಲೆ ಮಾತು ತಾನಾಗಿ ಬಂತು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ. ಎರಡನೇ ಜ್ವರ ಎದ್ದ ಹುಳುವನ್ನು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತರುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅವು ತಿನ್ನುವುದೇ ತಿನ್ನುವುದು. ರಾತ್ರಿ ದೀಪ ಆರಿಸಿದರೆ ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆ ಬಂದಂತೆ ಕೇಳುತ್ತದೆ. ಆ ವಾರ ಅಮ್ಮ ಬೆಳಗಿನ ಜಾವಕ್ಕೇ ಎದ್ದು ಸೊಪ್ಪು ಹಾಕುತ್ತಾಳೆ, ನಾನು ಅವಳ ಜೊತೆ ಎದ್ದು ಅಲ್ಲೇ ಓದುತ್ತೇನೆ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಶಾಲೆಗೆ ರಜೆ, ಏಕೆಂದರೆ ಅವನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಲು ಇರುವ ಕೈಯೆಲ್ಲ ಬೇಕು.

ಮೇಡಂ ಇಷ್ಟಕ್ಕೇ ಬಿಡಲಿಲ್ಲ. ಕಳೆದ ವರ್ಷದ ಲೆಕ್ಕ ಬರೆಸಿದರು. ಐದು ಬೆಳೆ, ಅದರಲ್ಲಿ ಒಂದು ಹಾಲು ತೊಂಡೆ ರೋಗಕ್ಕೆ ಪೂರ್ತಿ ಹೋಯಿತು. ಉಳಿದ ನಾಲ್ಕಕ್ಕೆ ಬೆಳೆಗೆ 70 ಕಿಲೋದಂತೆ 280 ಕಿಲೋ ಗೂಡು, ಸರಾಸರಿ 550 ರೂಪಾಯಿಗೆ 1,54,000. ಚಾಕಿ, ಔಷಧ, ಕೂಲಿ, ಕೊಂಡ ಸೊಪ್ಪು, ಗೊಬ್ಬರ ಎಲ್ಲ ಸೇರಿ 60,000 ಕಳೆದರೆ 94,000. ಐದು ಜನ, ಹನ್ನೆರಡು ತಿಂಗಳು. "ಈಗ ನೋಡು, ಇದರಲ್ಲಿ ಕಷ್ಟ ಎಂಬ ಪದ ಎಲ್ಲಿಯೂ ಇಲ್ಲ, ಆದರೆ ಕೇಳಿದವರಿಗೆ ಎಲ್ಲ ತಿಳಿಯುತ್ತದೆ" ಎಂದರು. ವಿದ್ಯಾರ್ಥಿವೇತನ ಕೇಳುವುದೆಂದರೆ ಕೈಚಾಚುವುದು ಎಂದು ನನ್ನೊಳಗೆ ಇದ್ದ ನಾಚಿಕೆ ಆ ಲೆಕ್ಕದ ಹಾಳೆಯ ಮುಂದೆ ಹೋಯಿತು.

ಅದೇ ಸಂಜೆ ಅವರು ನಮ್ಮ ಜಿಲ್ಲೆಯವರೇ ಆದ ಎಚ್‌. ನರಸಿಂಹಯ್ಯನವರ ಕಥೆ ಹೇಳಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್‌ ಹೈಸ್ಕೂಲು ಸೇರಿದವರು. ಅಲ್ಲಿ ಅವರನ್ನು ಸೇರಿಸಿಕೊಂಡದ್ದು ಊರಿನ ಶಾಲೆಯಲ್ಲಿ ಅವರಿಗೆ ಮೇಷ್ಟ್ರಾಗಿದ್ದವರೇ. ಮುಂದೆ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನನಗೆ ಆ ಕಥೆಯಲ್ಲಿ ಹಿಡಿಸಿದ್ದು ನಡಿಗೆಗಿಂತ ಆ ಮೇಷ್ಟ್ರು.

ಸಂದರ್ಶನದಲ್ಲಿ ಆ ಪ್ರಶ್ನೆ ನಿಜವಾಗಿಯೂ ಬಂತು. ಹಾಳೆಯಲ್ಲಿದ್ದುದನ್ನೇ ಹೇಳಿದೆ. ಹಾಲು ತೊಂಡೆ ಹೇಗೆ ಬರುತ್ತದೆ ಎಂದು ಒಬ್ಬರು ಕೇಳಿದರು. ವೈರಸ್ಸಿನಿಂದ ಎಂದೆ, ಹುಳುವಿನ ಮೈ ಊದಿ ಚರ್ಮ ಒಡೆದು ಹಾಲಿನಂಥ ದ್ರವ ಬರುತ್ತದೆ, ಅದು ತಾಗಿದ ಸೊಪ್ಪು ತಿಂದ ಹುಳುವೂ ಹೋಗುತ್ತದೆ ಎಂದೆ. ಮುಂದೆ ಏನು ಓದುತ್ತೀಯ ಎಂದದ್ದಕ್ಕೆ ಜೀವವಿಜ್ಞಾನ ಎಂಬ ಉತ್ತರ ಅಲ್ಲಿಯೇ ಹುಟ್ಟಿತು. ಮೊದಲೇ ಯೋಚಿಸಿದ್ದಲ್ಲ.

ಆಯ್ಕೆಯಾದೆ. ಮೊದಲ ಹಣ ಖಾತೆಗೆ ಬಂದ ವಾರವೇ ನಮ್ಮ ಬೆಳೆ ಮತ್ತೆ ಕೈಕೊಟ್ಟಿತ್ತು. ಅಪ್ಪ ರೋಗದ ಹುಳುಗಳನ್ನು ತಟ್ಟೆಯಿಂದ ಆರಿಸಿ ಸುಣ್ಣದ ಗುಂಡಿಗೆ ಹಾಕುತ್ತಿದ್ದರು. ಹತ್ತಿರ ಹೋಗಿ, ಹತ್ತು ಸಾವಿರ ಬಂದಿದೆ, ಸದ್ಯ ಇದಕ್ಕೆ ಹಾಕೋಣ ಎಂದೆ. ಅವರು ತಲೆ ಎತ್ತಲಿಲ್ಲ. "ಅದು ಸೊಪ್ಪಿನ ದುಡ್ಡಲ್ಲ" ಎಂದರು, ಮತ್ತೆ ಹುಳು ಆರಿಸತೊಡಗಿದರು.

ಸರ್ಕಾರಿ ಪಿಯು ಕಾಲೇಜು ಸೇರಿ, ವಿಜ್ಞಾನ ಓದಿ, 2025ರಲ್ಲಿ ಬಿ.ಎಸ್‌ಸಿಗೆ ಬಂದೆ. ಸಹಾಯ ಪದವಿಗೂ ಮುಂದುವರಿಯಿತು. ಮೇಡಂ ಈಗ ಬೇರೆ ತಾಲ್ಲೂಕಿನಲ್ಲಿದ್ದಾರೆ. ಫಲಿತಾಂಶ ಬಂದಾಗಲೆಲ್ಲ ಅಪ್ಪನಿಗಿಂತ ಮೊದಲು ಅವರಿಗೆ ಫೋನ್‌ ಮಾಡುತ್ತೇನೆ. ಅಪ್ಪನಿಗೆ ಅದು ಗೊತ್ತು, ಬೇಸರವಿಲ್ಲ.

ತಮ್ಮ ಈಗ ಎಂಟನೇ ತರಗತಿ. ಅವನ ದಾಖಲೆಗಳನ್ನು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಹರಡಿ ಇಬ್ಬರೂ ಅಕ್ಷರ ಅಕ್ಷರ ಓದಿದೆವು. ರೇಷನ್‌ ಕಾರ್ಡಿನಲ್ಲಿ ಅಪ್ಪನ ಹೆಸರು ಇನ್ನೂ ತಪ್ಪಾಗಿಯೇ ಇದೆ. ಸೋಮವಾರ ಹೋಗಿ ತಿದ್ದಿಸಬೇಕು.