ಗಾಜಿನ ತೊಟ್ಟಿಗೂ ಹೆಪ್ಪು ಹಾಕಬೇಕು

ಮುಂಬೈಯ ಮುಲುಂಡಿನ ನಮ್ಮ ಮನೆಗೆ ಮೊದಲ ಸಲ ಬಂದ ಆರು ಮೀನುಗಳು ಒಂದು ವಾರವೂ ಬಾಳಲಿಲ್ಲ. ಭಾನುವಾರ ಕುರ್ಲಾ ಪಶ್ಚಿಮದ ಅಂಗಡಿಸಾಲಿನಿಂದ ತೊಟ್ಟಿ, ಕಲ್ಲು, ಪ್ಲಾಸ್ಟಿಕ್ ಗಿಡ, ಮೀನು ಎಲ್ಲವನ್ನೂ ಒಂದೇ ಟ್ಯಾಕ್ಸಿಯಲ್ಲಿ ತಂದು, ಸಂಜೆಯೊಳಗೆ ಜೋಡಿಸಿ, ಅಕ್ಕಪಕ್ಕದವರನ್ನು ಕರೆದು ತೋರಿಸಿಯೂ ಆಗಿತ್ತು. ಗುರುವಾರ ನೀರು ಅಕ್ಕಿ ತೊಳೆದಂತೆ ಮಂಕಾಯಿತು. ಶುಕ್ರವಾರ ಮೀನುಗಳು ಮೇಲೆ ಬಂದು ಬಾಯಿ ಆಡಿಸತೊಡಗಿದವು. ಶನಿವಾರ ಬೆಳಿಗ್ಗೆ ಆರೂ ತೇಲುತ್ತಿದ್ದವು. ಎದುರು ಮನೆಯ ಅಜ್ಜಿ ಸಮಾಧಾನ ಹೇಳಿದರು: "ಮನೆಗೆ ಬರಲಿದ್ದ ಕಂಟಕವನ್ನು ಅವು ಹೊತ್ತುಕೊಂಡು ಹೋದವು."

ವಾಸ್ತುವಿನ ಹೆಸರಿನಲ್ಲಿ ಮೀನು ಮಾರುವವರ ವ್ಯಾಪಾರ ನಿಂತಿರುವುದೇ ಈ ಸಮಾಧಾನದ ಮೇಲೆ. ನಮ್ಮ ಮೀನುಗಳು ಸತ್ತದ್ದು ತಮ್ಮದೇ ಕಿವಿರುಗಳು ಹೊರಹಾಕಿದ ಅಮೋನಿಯಾದಿಂದ ಮತ್ತು ನನ್ನ ಆತುರದಿಂದ.

ಹೊಸ ತೊಟ್ಟಿಯ ನೀರು ಕಾಯಿಸಿ ಆರಿಸಿದ ಹಾಲಿನಂತೆ. ಎಷ್ಟು ಹೊತ್ತು ಇಟ್ಟರೂ ಹೆಪ್ಪಿಲ್ಲದೆ ಅದು ಮೊಸರಾಗದು. ಮೀನಿನ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ. ಈ ಎರಡೂ ಬಗೆಯವು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲಿನ ಮೇಲೆ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಆರು ವಾರ ಬಿಟ್ಟು ಬನ್ನಿ ಎಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ತೊಟ್ಟಿ

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಹೊಸಬರಿಗೆ ಸರಿಯಾದುದು. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು ಸೇರಿದರೆ ಒಬ್ಬ ಗಟ್ಟಿ ಆಳಿನ ತೂಕ. ಪ್ಲೈವುಡ್ ಶೋಕೇಸ್ ಅದನ್ನು ಹೊರಲಾರದು. ಕಿಟಕಿಯ ಬಿಸಿಲು ಬಿದ್ದರೆ ಹದಿನೈದೇ ದಿನದಲ್ಲಿ ಗಾಜೆಲ್ಲ ಪಾಚಿ. ಗುಂಡು ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವ ಆಸೆಯಿದ್ದರೆ ಬಿಟ್ಟುಬಿಡಿ. ಗೇಣುದ್ದ ಬೆಳೆಯುವ ಮೀನು ಅದು.

ಗಾಳಿಯ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಅಗ್ಗ, ಮರಿಗಳನ್ನು ಎಳೆದುಕೊಳ್ಳುವುದೂ ಇಲ್ಲ. ಪಂಪನ್ನು ಮಾತ್ರ ನೀರಿನ ಮಟ್ಟಕ್ಕಿಂತ ಮೇಲಿಡಿ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪನ್ನೂ ಕೆಡಿಸಿ, ನೆಲಕ್ಕೂ ಸುರಿಯುತ್ತದೆ.

ನೀರು

ಮುಂಬೈಯ ನಲ್ಲಿಗೆ ಬರುವುದು ಭಾತ್ಸಾ, ತಾನ್ಸಾ, ವೈತರಣಾ ಮುಂತಾದ ಜಲಾಶಯಗಳಲ್ಲಿ ನಿಂತ ಮಳೆನೀರು. ಮೆದು ನೀರು, ಮೇಲೆ ಕ್ಲೋರಿನ್. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ನಾವು ಬೆಳೆಸಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಬಹುದು. ಬಕೆಟಿನ ಬಾಯಿಗೆ ತೆಳು ಬಟ್ಟೆ ಕಟ್ಟಿ. ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಮರಿ ಉಳಿಯದು, ಆದರೆ ಮೀನಿಗಾಗಿ ತುಂಬಿಟ್ಟು ಮರೆತ ಬಕೆಟಿನಲ್ಲಿ ಡೆಂಗಿ ಹರಡುವ ಸೊಳ್ಳೆ ಧಾರಾಳವಾಗಿ ಬೆಳೆಯುತ್ತದೆ.

ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಪುಟ್ಟ ಮೀನು ಗಪ್ಪಿಗೆ ಕೊಂಚ ಗಡಸು ನೀರು ಇಷ್ಟ. ಅದಕ್ಕೆ ಕರಾವಳಿಯ ಮನೆಗಳಲ್ಲಿ ಮದ್ದು ಅಡುಗೆಮನೆಯಲ್ಲೇ ಇದೆ. ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಒಂದು ಹಿಡಿ ಚಿಪ್ಪು ಎತ್ತಿಟ್ಟು, ಮಸಾಲೆಯ ವಾಸನೆ ಹೋಗುವವರೆಗೆ ಕುದಿಸಿ ತೊಳೆದು ತಳದಲ್ಲಿ ಹಾಕಿ. ಸುಣ್ಣದ ಅಂಶ ನಿಧಾನವಾಗಿ ನೀರಿಗಿಳಿಯುತ್ತದೆ.

ಇನ್ನು ಹೆಪ್ಪು. ಒಂದು ವರ್ಷದಿಂದ ಚೆನ್ನಾಗಿ ನಡೆಯುತ್ತಿರುವ ತೊಟ್ಟಿ ಯಾರ ಮನೆಯಲ್ಲಾದರೂ ಇದ್ದರೆ, ಅವರ ಫಿಲ್ಟರಿನ ಕೊಳಕು ಸ್ಪಂಜನ್ನು ಅದೇ ತೊಟ್ಟಿಯ ನೀರಿನಲ್ಲಿ ಹಿಂಡಿಸಿಕೊಂಡು ಬನ್ನಿ. ನೋಡಲು ಬಗ್ಗಡ, ಬೆಲೆ ಗೊತ್ತಿದ್ದವರಿಗೆ ಮಾತ್ರ ಗೊತ್ತು. ಅದನ್ನು ನಿಮ್ಮ ಹೊಸ ಸ್ಪಂಜಿನ ಮೇಲೆ ಸುರಿದು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಿರಿ. ಮೀನಿಲ್ಲ, ಆಹಾರ ಮಾತ್ರ. ಅದು ಕೊಳೆತು ಬಿಡುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. ಮುಂಬೈಯ ಸೆಕೆಯಲ್ಲಿ ದೋಸೆ ಹಿಟ್ಟಿನಂತೆ ಇದೂ ಬೇಗ ಹದಕ್ಕೆ ಬರುತ್ತದೆ. ಆರು ವಾರದ ಕಾಯುವಿಕೆ ಎರಡು ವಾರಕ್ಕೂ ಇಳಿದೀತು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ತನ್ನಿ.

ತರುವಾಗ ಪ್ಲಾಸ್ಟಿಕ್ ಚೀಲವನ್ನು ಬಟ್ಟೆಯ ಕೈಚೀಲದೊಳಗಿಡಿ. ಕತ್ತಲಲ್ಲಿ ಮೀನು ಗಾಬರಿಪಡುವುದಿಲ್ಲ, ಲೋಕಲ್ ರೈಲಿನಲ್ಲಿ ಪಕ್ಕದವರ ಮೊಣಕೈಯೂ ನೇರವಾಗಿ ತಾಗುವುದಿಲ್ಲ. ಮನೆಯಲ್ಲಿ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಮೋರಿಗೆ.

ಆಮೇಲಿನ ಕೆಲಸ ಸ್ವಲ್ಪವೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೊಟ್ಟಿ ಖಾಲಿ ಮಾಡಿ ಸೋಪು ಹಾಕಿ ಉಜ್ಜುವ ಭಾನುವಾರದ ಉತ್ಸಾಹ ಬೇಡ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದರೆ ಹೆಪ್ಪು ಹೋಯಿತೆಂದೇ ಲೆಕ್ಕ. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಂದು ಉಪವಾಸ ಮೀನಿಗೂ ಒಳ್ಳೆಯದು. ನಮ್ಮಲ್ಲಿ ಅದು ಶನಿವಾರ, ಅತ್ತೆಯವರ ಜೊತೆಗೆ. ಮೇ ತಿಂಗಳಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ; ಮೇಜಿನ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಹೀಟರ್ ಬೇಕಾಗುವುದು ಪುಣೆಯವರಿಗೆ, ಡಿಸೆಂಬರಿನಲ್ಲಿ.

ಮರಿಗಳು

ಗಪ್ಪಿಯ ಮರಿ ಮಾಡಿಸಲು ಏನೂ ಮಾಡಬೇಕಾಗಿಲ್ಲ, ಉಳಿಸಲು ಮಾಡಬೇಕು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲವಾದರೆ ಗಂಡು ಅಟ್ಟಾಡಿಸಿ ಹೆಣ್ಣನ್ನು ಹಣ್ಣು ಮಾಡುತ್ತದೆ. ಬಾಲದ ಬಣ್ಣ ಕಂಡು ಎಲ್ಲ ಗಂಡನ್ನೇ ಆರಿಸುವವರು ಇದನ್ನು ಮರೆಯುತ್ತಾರೆ. ಬಸಿರು ಸುಮಾರು ನಾಲ್ಕು ವಾರ. ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳುವುದರಿಂದ, ಒಂದೇ ಹೆಣ್ಣು ತಂದರೂ ತಿಂಗಳು ತಿಂಗಳೂ ಮರಿ ಹಾಕಿ ನಿಮ್ಮನ್ನು ಬೆರಗಾಗಿಸಬಹುದು.

ಹೊಟ್ಟೆ ಪಕ್ಕದಿಂದ ನೋಡಿದರೆ ಚೌಕವಾಗಿ, ಬಾಲದ ಬುಡದ ಬಳಿಯ ಕಪ್ಪು ಗುರುತು ಹಿಗ್ಗಿ, ಹೆಣ್ಣು ಒಂಟಿಯಾಗಿ ಮೂಲೆ ಹಿಡಿದರೆ ದಿನ ಹತ್ತಿರ. ನಾನು ಒಮ್ಮೆ ಪೂರ್ತಿ ನೋಡಿದ್ದೇನೆ, ಬೆಳಗಿನ ಕಾಫಿ ಆರುವವರೆಗೆ. ಮರಿ ಮಡಚಿಕೊಂಡು ಸಾಸಿವೆಯ ಹಾಗೆ ಉದುರುತ್ತದೆ, ತಳಕ್ಕೆ ಇಳಿಯುತ್ತ ಬಿಚ್ಚಿಕೊಳ್ಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಗಿಡದ ಕಡೆಗೆ ಓಡುತ್ತದೆ. ಓಡದಿದ್ದರೆ ತಾಯಿಯೇ ತಿರುಗಿ ನುಂಗುತ್ತಾಳೆ. ಹೀಗಾಗಿ ಜಾವಾ ಮಾಸ್ ಅಥವಾ ಹಾರ್ನ್‌ವರ್ಟ್‌ನಂಥ ನೀರುಗಿಡ ದಟ್ಟವಾಗಿರಲಿ. ಅಂಗಡಿಯ ಪ್ಲಾಸ್ಟಿಕ್ ಬಾಣಂತಿ ಪೆಟ್ಟಿಗೆಯಲ್ಲಿ ಹೆಣ್ಣು ಉಸಿರುಗಟ್ಟಿದಂತೆ ಹೆದರುತ್ತದೆ. ನನಗೆ ಅದು ಒಗ್ಗಲಿಲ್ಲ.

ಮರಿಗಳು ಮೊದಲ ದಿನದಿಂದಲೇ ಬೆರಳಲ್ಲಿ ಹಿಟ್ಟು ಮಾಡಿದ ಆಹಾರ ತಿನ್ನುತ್ತವೆ. ಬೇಗ ಬೆಳೆಯಬೇಕೆಂದರೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯಂಥ ಪುಟ್ಟ ಜೀವಿಯ ಮರಿ ಕೊಡಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ಆರ್ಟೀಮಿಯಾ ಮೊಟ್ಟೆ, ತಳದವರೆಗೆ ಗಾಳಿಯ ಕೊಳವೆ. ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಚುಕ್ಕಿಗಳು ಈಜಾಡುತ್ತವೆ. ಗಾಳಿ ನಿಲ್ಲಿಸಿ ಬುಡದ ಬಳಿ ಟಾರ್ಚ್ ಹಿಡಿದರೆ ಬೆಳಕಿಗೆ ಮುತ್ತುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ಹೀರಿ, ಹಳೆಯ ಪಂಚೆಯಲ್ಲಿ ಸೋಸಿ, ಉಪ್ಪು ತೊಳೆದು ಹಾಕಿ. ಮರಿಗಳ ಹೊಟ್ಟೆ ಕಿತ್ತಳೆಯಾಗುವುದು ಹೊರಗಿನಿಂದಲೇ ಕಾಣುತ್ತದೆ.

ಕೈ ಪಳಗಿದವರು ಮೊಟ್ಟೆ ಇಡುವ ಜೀಬ್ರಾ ಮೀನಿಗೆ ಹೋಗಬಹುದು. ಇದು ನಮ್ಮದೇ ನಾಡಿನ ಹಳ್ಳಗಳದು. ಇದನ್ನು 1822ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು, 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆ ಸುತ್ತಿ ಬರೆದ ಅದೇ ಫ್ರಾನ್ಸಿಸ್ ಬುಕನನ್. ಬೇರೆ ಚಿಕ್ಕ ತೊಟ್ಟಿಯ ತಳಕ್ಕೆ ಮಕ್ಕಳ ಗೋಲಿಗಳನ್ನು ಎರಡು ಪದರ ಹಾಸಿ, ಸಂಜೆ ಮೀನು ಬಿಡಿ. ಬೆಳಕು ಹರಿಯುವಾಗ ಮೊಟ್ಟೆ ಚೆಲ್ಲುತ್ತವೆ. ಮೊಟ್ಟೆ ಗೋಲಿಗಳ ಸಂದಿಗೆ ಇಳಿದು ಹೆತ್ತವರ ಬಾಯಿಂದ ಪಾರಾಗುತ್ತದೆ. ಆಗಲೇ ದೊಡ್ಡವನ್ನು ತೆಗೆಯಿರಿ. ಎರಡು ಮೂರು ದಿನದಲ್ಲಿ ಮೊಟ್ಟೆಯೊಡೆಯುತ್ತದೆ.

ಆರು ತಿಂಗಳಲ್ಲಿ ಗಪ್ಪಿ ಹೆಚ್ಚಾಗಿ ದಾರಿ ಕಾಣದಾದಾಗ ಪೊವಾಯಿ ಕೆರೆಗೋ ಊರಿನ ಹೊಳೆಗೋ ಬಿಡುವ ಪುಣ್ಯದ ಯೋಚನೆ ಬರುತ್ತದೆ. ಬಿಡಬೇಡಿ. ದಕ್ಷಿಣ ಅಮೆರಿಕದ ಮೀನು ಅದು. ಸ್ಥಳೀಯ ಪುಟ್ಟ ಮೀನುಗಳ ಅನ್ನಕ್ಕೆ ಕೈ ಹಾಕುತ್ತದೆ. ಗಂಡು ಹೆಣ್ಣನ್ನು ಒಂದು ತಿಂಗಳಿಗೇ ಬೇರ್ಪಡಿಸಿ, ಉಳಿದವನ್ನು ಕೇಳಿದವರಿಗೆ ಕೊಡಿ. ನಾನು ಕೇಳಿಕೊಂಡು ಬಂದವರಿಗೆ ಮೊದಲು ಕೊಡುವುದು ಸ್ಪಂಜು ಹಿಂಡಿದ ಒಂದು ಬಾಟಲಿ ಬಗ್ಗಡ. ಮೀನು ಎರಡು ವಾರ ಬಿಟ್ಟು. ಕೆಲವರು ಎರಡನೆಯ ಸಲ ಬರುವುದಿಲ್ಲ.